ಖಾಲಿ ಮನೆಗೆ ಸೊನ್ನೆ ಬರೆಯಬಾರದು

ಫೇರ್‌ಬ್ಯಾಂಕ್ಸಿನಲ್ಲಿ ಜೂನ್ ಎಂದರೆ
ರಾತ್ರಿ ಹನ್ನೊಂದಕ್ಕೂ ಬಿಸಿಲು, ಸೊಳ್ಳೆ,
ಎಲ್ಲೋ ಉರಿವ ಸ್ಪ್ರೂಸ್ ಕಾಡಿನ ಹೊಗೆ.
ವರ್ಷವಿಡೀ ಗಡ್ಡ ಬಂದವರಿಗೆ ಸಂಖ್ಯಾಶಾಸ್ತ್ರ ಹೇಳುವ ನಾನು
ಆರು ವಾರ ಹದಿನಾಲ್ಕರ ಮಕ್ಕಳಿಗೆ ಟೀಚರ್.
ಪಕ್ಕದ ಕೋಣೆಯಲ್ಲಿ ಮಾರ್ಗಿಟ್, ಪ್ರಬಂಧ ಬರೆಸುವವಳು.
ಇಬ್ಬರಿಗೂ ಸೇರಿ ಒಂದು ಕಾಫಿ ಕೆಟಲು,
ಒಂದು ಚಿಂತೆ: ಇವರನ್ನು ಮಲಗಿಸುವುದು ಹೇಗೆ.

ಹಾಸ್ಟೆಲಿನ ಕಿಟಕಿಗಳಿಗೆ ಮಕ್ಕಳೇ
ಅಡುಗೆಮನೆಯ ಬೆಳ್ಳಿ ಹಾಳೆ ಅಂಟಿಸಿ
ರಾತ್ರಿ ಮಾಡಿಕೊಂಡರು.
ಮಾಡಿಕೊಂಡ ರಾತ್ರಿಯಲ್ಲಿ ಟಾರ್ಚು ಹಚ್ಚಿ
ಇಸ್ಪೀಟು ಆಡಿದರು.

ಮೊದಲ ಪಾಠ ಸರಾಸರಿ.
ನಿನ್ನೆ ಎಷ್ಟು ಗಂಟೆ ಮಲಗಿದಿರಿ, ಬೋರ್ಡಿಗೆ ಬಂದು ಬರೆಯಿರಿ.
ನಾಲ್ಕು. ಐದು. ಮೂರೂವರೆ.
ಅಗಾಫ್ಯಾ ಹನ್ನೊಂದು ಎಂದು ಬರೆದಳು, ಎಲ್ಲರೂ ನಕ್ಕರು;
ಸುಳ್ಳೂ ಸರಾಸರಿಗೆ ಸೇರುತ್ತದೆ ಎಂಬುದು
ಅಂದಿನ ಎರಡನೆಯ ಪಾಠ.
ನಿಕೆಫೋರ್ ಬರೆದದ್ದು ಸೊನ್ನೆ.
ಬಳೆಯಂತೆ ದುಂಡು, ಒಂದೇ ಎಳೆತ.

ಎರಡನೆಯ ವಾರ, ನಿಜವಾದ ಅಂಕಿ ಕೊಡೋಣ ಎಂದು
ಯೂಕಾನ್ ನದಿಯ ಮೀನೆಣಿಕೆ ತಂದೆ.
ಕಡಲಿನಿಂದ ಮೇಲೇರಿ ಬರುವ ಸಾಲ್ಮನ್ನುಗಳನ್ನು
ನೀರಡಿಯ ಯಂತ್ರ ದಿನಾ ಎಣಿಸುತ್ತದೆ;
ತಾರೀಖಿಗೊಂದು ಸಾಲು, ಸಾಲಿಗೊಂದು ಮನೆ.
ಯಂತ್ರ ಕೆಟ್ಟ ದಿನ ಮನೆ ಖಾಲಿ.

ಒಂಬತ್ತು ಖಾಲಿ ಮನೆ. ಒಂಬತ್ತಕ್ಕೂ ನಿಕೆಫೋರ್
ಅದೇ ದುಂಡು ಸೊನ್ನೆ ತುಂಬಿದ್ದ.
ಕೆಂಪು ಗೀಟೆಳೆದು ಬರೆದೆ:
ಖಾಲಿ ಎಂದರೆ ಸೊನ್ನೆಯಲ್ಲ.
ಗೊತ್ತಿಲ್ಲ ಎಂಬುದು ಬೇರೆ, ಇಲ್ಲ ಎಂಬುದು ಬೇರೆ.
ಬರೆದದ್ದು ನನಗೇ ಹಿಡಿಸಿ ಮಾರ್ಗಿಟ್‌ಗೂ ತೋರಿಸಿದೆ.

ಅವನು ಹಾಳೆ ಹಿಡಿದು ಮೇಜಿನ ಬಳಿ ನಿಂತ.
ಅವನ ಊರು ನದಿ ಕಡಲಿಗೆ ಬಾಯಿಬಿಡುವ ಕಡೆ.
"ಇಪ್ಪತ್ತೊಂದು," ಬೆರಳಿಟ್ಟ, "ಇದು ಖಾಲಿ.
ಅಂದು ಬಲೆ ಇಳಿಸಲು ಬಿಡಲಿಲ್ಲ.
ಇಪ್ಪತ್ತೆರಡು, ಇಲ್ಲಿ ಹನ್ನೆರಡು ಅಂತಿದೆ.
ಅಂದೂ ಬಿಡಲಿಲ್ಲ.
ನಮ್ಮ ಹೊಗೆಮನೆಯಲ್ಲಿ ಎರಡೂ ದಿನ ಒಂದೇ."
ದೂರುವ ದನಿಯಲ್ಲ. ಉತ್ತರ ತಾಳೆ ನೋಡುವ ದನಿ.
"ಎಷ್ಟಾದರೆ ಬಿಡುತ್ತಾರೆ, ಟೀಚರ್?
ಆ ಅಂಕಿ ಯಾವ ಸಾಲಿನಲ್ಲಿದೆ?"

ಆ ಸಾಲು ಹಾಳೆಯಲ್ಲಿರಲಿಲ್ಲ.
ರೇಖೆ ಚಂದ ಬರಲೆಂದು
ನಾನೇ ಅಳಿಸಿದ್ದೆ.

ಆಮೇಲೊಂದು ದಿನ, ಬೆಳಗಿನ ಜಾವ ಎರಡು ಗಂಟೆ,
ಹಾಸ್ಟೆಲಿನ ಹಿಂದಿನ ಮೆಟ್ಟಿಲ ಮೇಲೆ ಕಂಡ, ಕಿವಿಗೆ ಫೋನು.
ಊರಿನ ಎಣ್ಣೆ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಮಾತ್ರ
ಅವನ ಅಪ್ಪನಿಗೆ ಸಿಗ್ನಲ್,
ಹತ್ತಲು ಬಿಡುವು ಸಿಗುವುದು ಈ ಹೊತ್ತಿಗೆ.
ಯೂಪಿಕ್ ಮಾತು, ನನಗೆ ತಿಳಿಯದು.
ನಡುನಡುವೆ ಇಂಗ್ಲಿಷಿನ ಅಂಕಿಗಳು ಮಾತ್ರ:
ಹನ್ನೆರಡು. ನಲವತ್ತು. ಮತ್ತೆ ಹನ್ನೆರಡು.
ಮಲಗು ಹೋಗು ಎನ್ನಲು ಹೋದವಳು
ಸೊಳ್ಳೆ ಹೊಡೆಯುತ್ತ ಅಲ್ಲೇ ನಿಂತೆ,
ನಿಂತದ್ದು ತಪ್ಪೆನಿಸಿ ವಾಪಸು ಬಂದೆ.

ಕೊನೆಯ ದಿನ ಒಂದು ನಮೂನೆ ತುಂಬಿಸಬೇಕು.
ಊಟ ಹೇಗಿತ್ತು, ಪಾಠ ಹೇಗಿತ್ತು, ಐದಕ್ಕೆ ಎಷ್ಟು.
ಮುಂದಿನ ಬೇಸಿಗೆ ಬರುವಿರಾ?
ಬರುವುದಾದರೆ ಒಂದು, ಇಲ್ಲವಾದರೆ ಸೊನ್ನೆ.
ಪಾಠಕ್ಕೆ ನಾಲ್ಕು ಕೊಟ್ಟಿದ್ದ ನಿಕೆಫೋರ್
ಆ ಒಂದು ಮನೆಯನ್ನು ಖಾಲಿ ಬಿಟ್ಟಿದ್ದ.

ಅನುದಾನದ ವರದಿ ಖಾಲಿ ಮನೆಯನ್ನು ಒಪ್ಪುವುದಿಲ್ಲ.
ಮೂರು ಸಲ ಕಳಿಸಿದೆ.
ಮೂರು ಸಲವೂ ಪರದೆಯ ಮೇಲೆ ಕೆಂಪು ಗೀಟು.
ನಾಲ್ಕನೆಯ ಸಲ ಸೊನ್ನೆ ಒತ್ತಿದೆ.
ಹೋಯಿತು.

ಮರುದಿನ ನಾನೂ ಮಾರ್ಗಿಟೂ ಬೆಳ್ಳಿ ಹಾಳೆ ಕೀಳಲು ಹೋದೆವು.
ಪರ್ರನೆ ಹರಿದಂತೆಲ್ಲ ಕೋಣೆಗೆ ಬಿಸಿಲು ಧುಮುಕಿ
ಕಣ್ಣು ಕಿರಿದಾಗುತ್ತಿತ್ತು.
ಇನ್ನೂರಾ ಆರರ ಕಿಟಕಿಯಲ್ಲಿ ಕೀಳಲು ಏನೂ ಇರಲಿಲ್ಲ.
ಹಲಗೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖುಗಳು,
ಒಂದರ ಕೆಳಗೊಂದು, ಆಗಸ್ಟಿನವರೆಗೂ;
ಪ್ರತಿಯೊಂದರ ಮುಂದೆಯೂ
ಒಂದು ಬೆರಳಿನಷ್ಟು ಜಾಗ.

ಒರೆಸಲೇ, ಎಂದಳು ಮಾರ್ಗಿಟ್,
ಕೈಯಲ್ಲಿ ಒದ್ದೆ ಬಟ್ಟೆ.